ಅಪ್ಪ ಅದನ್ನು "ಹಾರ್ಟಿನ ಗುಳಿಗೆ" ಅಂದುಬಿಟ್ಟರು: ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರ ಮನೆಯವರು ದಯವಿಟ್ಟು ಓದಿ

ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕು ಅಂತ ಒಂದು ತಿಂಗಳಿಂದ ಅಂದುಕೊಳ್ಳುತ್ತಿದ್ದೆ, ಕೈ ಬರಲಿಲ್ಲ. ಅಪ್ಪ ಈಗ ಮನೆಗೆ ಬಂದಿದ್ದಾರೆ, ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಾರೆ, ಅದಕ್ಕೇ ಈಗ ಬರೆಯುವ ಧೈರ್ಯ ಬಂತು. ಸ್ವಲ್ಪ ಉದ್ದ ಆಗುತ್ತದೆ.

ಅಪ್ಪನಿಗೆ 74. ಮುಧೋಳ ತಾಲೂಕಿನ ಹಳ್ಳಿ ನಮ್ಮದು, ಕಬ್ಬಿನ ಹೊಲ. ಎರಡು ವರ್ಷದ ಹಿಂದೆ ಸುಮ್ನೆ ಕಟ್ಟೆ ಮೇಲೆ ಕೂತಾಗಲೂ ಎದೆ ಡವಡವ ಅನ್ನುತ್ತಿತ್ತು. ಬಾಗಲಕೋಟೆಯಲ್ಲಿ ಇಸಿಜಿ ಮಾಡಿಸಿದಾಗ ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಹೃದಯದ ಮೇಲಿನ ಕೋಣೆ ಸರಿಯಾಗಿ ಬಡಿಯದೆ ನಡುಗುತ್ತಿರುತ್ತದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವಾ ಹೊಡೆಯುತ್ತದೆ ಅಂತ ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ತಿಳಿಸಿದರು. ಡಾಬಿಗಟ್ರಾನ್ 110 ಅಂತ ಕ್ಯಾಪ್ಸೂಲ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ.

ಮನೆಯಲ್ಲಿ ಎಲ್ಲರೂ ಅದನ್ನು ಹಾರ್ಟಿನ ಗುಳಿಗೆ ಅಂತಲೇ ಕರೆಯುತ್ತಿದ್ದೆವು. ಅದರ ಕೆಲಸ ರಕ್ತ ತೆಳು ಮಾಡೋದು ಅಂತ ನನಗೆ ಗೊತ್ತಿತ್ತು. ಅವ್ವನಿಗೆ ಹೇಳಿರಲಿಲ್ಲ. ಅಪ್ಪನಿಗೂ ಬಿಡಿಸಿ ಹೇಳಿರಲಿಲ್ಲ, ಹೆದರುತ್ತಾರೆ ಅಂತ.

ಈ ಮೇ ತಿಂಗಳಲ್ಲಿ ಮೊಣಕಾಲು ನೋವು ಜಾಸ್ತಿ ಆಯಿತು. ಸಂತೆಗೆ ಹೋದವರು ಹಾಗೇ ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಹೋಗಿ ಸೂಜಿ ಮಾಡಿಸಿಕೊಂಡು ಬಂದರು. ಅವರೂ ಕೇಳಿದ್ದಾರೆ ಪಾಪ, "ಮತ್ತೇನಾದ್ರೂ ಗುಳಿಗೆ ನಡದಾವೇನ್ರಿ ಅಜ್ಜಾರ?" ಅಂತ. ಅಪ್ಪ "ಬಿಪಿದೊಂದು, ಹಾರ್ಟಿಂದೊಂದು" ಅಂದಿದ್ದಾರೆ. ಅಷ್ಟೇ. ಡೈಕ್ಲೋಫೆನಾಕ್ ಅನ್ನೋ ನೋವಿನ ಗುಳಿಗೆಯ ಸ್ಟ್ರಿಪ್ ಎರಡು ಕೊಟ್ಟು ಕಳಿಸಿದ್ದಾರೆ.

ನೋವು ಕಡಿಮೆ ಆಯಿತು, ಅಪ್ಪ ಖುಷಿಯಾಗಿ ನೀರು ಹಾಯಿಸಲು ಹೋಗುತ್ತಿದ್ದರು. ಬಿಸಿಲು ಅಂದರೆ ಬಿಸಿಲು. ಒಂದು ವಾರದ ಮೇಲೆ ಸಂಡಾಸ ಕಪ್ಪಗೆ ಆಗಲು ಶುರುವಾಗಿದೆ. ಯಾರಿಗೂ ಹೇಳಲಿಲ್ಲ. ಉಷ್ಣ ಆಗಿದೆ ಅಂದುಕೊಂಡು ಕಾಮಕಸ್ತೂರಿ ಬೀಜ ನೆನೆಸಿ ಕುಡಿದಿದ್ದಾರೆ, ಮಜ್ಜಿಗೆ ಕುಡಿದಿದ್ದಾರೆ. ನಾಲ್ಕು ದಿನ ಹೀಗೇ ಕಳೆದಿದೆ. ಮನೆ ಮುಂದಿನ ಮೂರು ಮೆಟ್ಟಿಲು ಹತ್ತುವಾಗ ನಡುವೆ ಕೂತರು ಅಂತ ಅವ್ವ ಫೋನಿನಲ್ಲಿ ಹೇಳಿದಳು. ನಾನು "ಬಿಸಿಲಿಗೆ ಹಾಗಾಗುತ್ತೆ, ಒಂದು ಗ್ಲಾಸ್ ಓಆರ್‌ಎಸ್ ಕೊಡು" ಅಂದೆ. ಈ ಮಾತು ನೆನಪಾದರೆ ಈಗಲೂ ನಿದ್ದೆ ಬರುವುದಿಲ್ಲ.

ಐದನೇ ದಿನ ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದರು. 108ರಲ್ಲಿ ಕರೆತಂದರು, ನಾನು ಬೆಳಗಾವಿಯಿಂದ ಬಂದು ಮುಟ್ಟಿದೆ. ಅಪ್ಪನ ಅಂಗೈ ನೋಡಿ ಕಾಲು ನಡುಗಿತು. ಜೀವನವಿಡೀ ಕೊಡಲಿ ಸಲಿಕೆ ಹಿಡಿದ ಕೈ ಅದು, ತೊಳೆದು ಒಣಗಿಸಿದ ಅರಿವೆ ಹಾಗೆ ಬೆಳ್ಳಗೆ. ಹಿಮೋಗ್ಲೋಬಿನ್ 5.4. ಕಿಡ್ನಿ ಸೋತದ್ದನ್ನು ತೋರಿಸುವ ಕ್ರಿಯಾಟಿನಿನ್ 2.3ಕ್ಕೆ ಏರಿತ್ತು. ಎಂಡೋಸ್ಕೋಪಿ ಮಾಡಿದರು, ಹೊಟ್ಟೆಯಲ್ಲಿ ಎರಡು ಹುಣ್ಣು, ಒಂದರಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಅಲ್ಲೇ ಕ್ಲಿಪ್ ಹಾಕಿ ನಿಲ್ಲಿಸಿದರು. ನಾಲ್ಕು ಬಾಟಲಿ ರಕ್ತ ಹೋಯಿತು.

ಡಾಕ್ಟರು ಅವ್ವ ತಂದಿದ್ದ ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಸುರಿಸಿದರು. ಡೈಕ್ಲೋಫೆನಾಕ್ ಸ್ಟ್ರಿಪ್ ಎತ್ತಿ ಖಾಲಿ ಗುಳಿಗಳನ್ನು ಬೆರಳಿಟ್ಟು ಎಣಿಸಿದರು, ಹದಿನೆಂಟು. ಆಮೇಲೆ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನೋವಿನ ಗುಳಿಗೆ ಮೂರು ಕಡೆಯಿಂದ ಹೊಡೆದಿದೆ. ಹೊಟ್ಟೆಯ ಒಳಪದರ ಕೊರೆದು ಹುಣ್ಣು ಮಾಡಿದೆ. ಗಾಯಕ್ಕೆ ಮೊದಲು ಬಂದು ಅಂಟಬೇಕಾದ ಪ್ಲೇಟ್‌ಲೆಟ್ ಕಣಗಳನ್ನು ಸುಸ್ತು ಮಾಡಿದೆ. ಬಿಸಿಲಲ್ಲಿ ನೀರು ಕಡಿಮೆಯಾಗಿದ್ದ ಕಿಡ್ನಿಯನ್ನು ಇನ್ನಷ್ಟು ಕುಗ್ಗಿಸಿದೆ. ಡಾಬಿಗಟ್ರಾನ್‌ನ ನೂರರಲ್ಲಿ ಎಂಬತ್ತು ಪಾಲು ಹೊರಗೆ ಹೋಗೋದು ಕಿಡ್ನಿಯಿಂದಲೇ. ಕಿಡ್ನಿ ಸೋತರೆ ಅದು ಮೈಯಲ್ಲೇ ಸೇರಿಕೊಳ್ಳುತ್ತದೆ. ಅಪ್ಪ ದಿನಕ್ಕೆ ಎರಡೇ ತಗೊಂಡಿದ್ದಾರೆ, ಆದರೆ ಮೈಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಕೂತಿತ್ತು.

ಈಗ ನನ್ನ ಪ್ರಶ್ನೆ. ರಕ್ತ ನಿಂತು ಎರಡು ವಾರದ ಮೇಲೆ ಅಪಿಕ್ಸಾಬಾನ್ ಅನ್ನೋ, ರಕ್ತ ತೆಳು ಮಾಡುವ ಬೇರೆ ಗುಳಿಗೆ ಶುರು ಮಾಡಬೇಕು ಅಂತ ಡಾಕ್ಟರು ಬರೆದಿದ್ದಾರೆ. ಅವ್ವ "ಇನ್ನೊಮ್ಮೆ ಆ ಜಾತಿ ಗುಳಿಗೆ ನನ್ನ ಮನಿಯೊಳಗ ಬರಬಾರದು" ಅಂತ ಹಟ ಹಿಡಿದಿದ್ದಾಳೆ. ನಿಮ್ಮ ಮನೆಗಳಲ್ಲಿ ಇಂಥದ್ದು ಆದಾಗ ಏನು ಮಾಡಿದಿರಿ?

ಗುಮ್ಮಟದ ನೆರಳು

ಅಣ್ಣಾ, ಮೊದಲು ನಿಮ್ಮ ಅವ್ವನಿಗೆ ನಮ್ಮ ಮಾವನ ಕಥೆ ಹೇಳಿ. ವಿಜಯಪುರದವರು ನಾವು. ಮಾವನಿಗೂ ಇದೇ ಎದೆಬಡಿತದ ಕಾಯಿಲೆ, ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ನಡೆಯುತ್ತಿತ್ತು. ಒಮ್ಮೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ತಾಟಿನಲ್ಲಿ ಉಗುಳಿದ್ದು ಕೆಂಪಗೆ. ಮನೆಯಲ್ಲಿ ಎಲ್ಲರೂ ಹೆದರಿ ಗುಳಿಗೆ ನಿಲ್ಲಿಸಿಬಿಟ್ಟೆವು. ಡಾಕ್ಟರಿಗೂ ಹೇಳಲಿಲ್ಲ. ಮೂರು ತಿಂಗಳು ಆರಾಮ ಇದ್ದರು. ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಊಟಕ್ಕೆ ಕೂತವರು ಕೈಯಲ್ಲಿದ್ದ ಕಡುಬು ಬಿಟ್ಟರು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ಆರು ವರ್ಷ ಹಾಸಿಗೆ ಮೇಲೆ ಇದ್ದರು.

ಈ ಕಾಯಿಲೆ ಇದ್ದವರಿಗೆ ಲಕ್ವಾ ಹೊಡೆಯುವ ಸಂಭವ ಬೇರೆಯವರಿಗಿಂತ ಸುಮಾರು ಐದು ಪಟ್ಟು. ವಾರ್ಫರಿನ್ ಸರಿಯಾಗಿ ತಗೊಂಡರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ತಪ್ಪುತ್ತದೆ. ಇದನ್ನು ಆಮೇಲೆ ನರರೋಗದ ಡಾಕ್ಟರು ಹೇಳಿದರು. ಅಷ್ಟೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು.

ಚಿಕ್ಕೋಡಿ ಮೆಡಿಕಲ್ಸ್

ಇಪ್ಪತ್ತು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ, ನನ್ನ ಅನುಭವ ಬರೆಯುತ್ತೇನೆ. ದಿನಕ್ಕೆ ಹತ್ತು ಜನವಾದರೂ ಬಂದು "ಮೈಕೈ ನೋವಿಂದು ಒಂದೆರಡು ಗುಳಿಗಿ ಕೊಡ್ರಿ" ಅನ್ನುತ್ತಾರೆ. ಯಾರಿಗೆ ಅಂತ ಹೇಳೋದಿಲ್ಲ. ನಾನು ಈಗ ಕೇಳಿಯೇ ಕೊಡುತ್ತೇನೆ, ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಒಂದು ಮುಖ್ಯ ವಿಷಯ. ಜನ "ನಾನು ಬರೀ ಪ್ಯಾರಾಸಿಟಮಾಲ್ ತಗೊಂಡಿದ್ದೆ" ಅನ್ನುತ್ತಾರೆ, ಸ್ಟ್ರಿಪ್ ನೋಡಿದರೆ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ್ದು ಇರುತ್ತದೆ. ಹೆಸರಿನ ಕೊನೆಗೆ ಒಂದು 'ಪಿ' ಅಕ್ಷರ ಇರುತ್ತದೆ ಅಷ್ಟೇ. ಐಬುಪ್ರೊಫೇನ್ ಜೊತೆ ಪ್ಯಾರಾಸಿಟಮಾಲ್ ಸೇರಿದ್ದೂ ಹಾಗೇ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಕೀಟೊರೊಲಾಕ್ ಎಲ್ಲ ಒಂದೇ ಮನೆತನ. ರಕ್ತ ತೆಳು ಮಾಡುವ ಗುಳಿಗೆ ನಡೆಯುತ್ತಿರುವವರಿಗೆ ಇವು ಯಾವುದೂ ಡಾಕ್ಟರನ್ನು ಕೇಳದೆ ಬೇಡ. ಬರೀ ಪ್ಯಾರಾಸಿಟಮಾಲ್ ನಡೆಯುತ್ತದೆ, ಅದೂ ಹೇಳಿದಷ್ಟೇ. ವಾರ್ಫರಿನ್ ತಗೊಳ್ಳುವವರು ಅದನ್ನೂ ಜಾಸ್ತಿ ಡೋಸಿನಲ್ಲಿ ದಿನಗಟ್ಟಲೆ ನುಂಗಿದರೆ ರಕ್ತ ಇನ್ನಷ್ಟು ತೆಳುವಾಗುತ್ತದೆ.

ಇನ್ನೊಂದು ನಾನು ವಾರಕ್ಕೊಮ್ಮೆಯಾದರೂ ಹಿಡಿಯುತ್ತೇನೆ. ಹಳೇ ಚೀಟಿಯಲ್ಲಿ ಇಕೋಸ್ಪ್ರಿನ್, ಅಂದರೆ ಆಸ್ಪಿರಿನ್ ಇರುತ್ತದೆ, ಹೊಸ ಚೀಟಿಯಲ್ಲಿ ರಕ್ತ ತೆಳು ಮಾಡುವ ಬೇರೆ ಗುಳಿಗೆ ಬರುತ್ತದೆ, ಹಳೆಯದನ್ನು ನಿಲ್ಲಿಸಿ ಅಂತ ಯಾರೂ ಹೇಳಿರುವುದಿಲ್ಲ, ಇವರು ಎರಡೂ ತಗೊಳ್ಳುತ್ತಾರೆ. ಕೆಲವರಿಗೆ ಎರಡೂ ಬೇಕಾಗಿಯೇ ಕೊಟ್ಟಿರುತ್ತಾರೆ, ಸ್ಟೆಂಟ್ ಹಾಕಿದ ಹೊಸದರಲ್ಲಿ. ಅದಕ್ಕೇ ನೀವೇ ತೀರ್ಮಾನ ಮಾಡಬೇಡಿ, ಎರಡೂ ಚೀಟಿ ಒಬ್ಬರೇ ಡಾಕ್ಟರ ಮುಂದಿಟ್ಟು ಕೇಳಿ. ಸಂತೆಯಲ್ಲಿ ಪುಡಿಕೆ ಕಟ್ಟಿ ಕೊಡುವ ಸಂಧಿವಾತದ ಪುಡಿ ಅಂತೂ ಮುಟ್ಟಲೇಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡ್, ನೋವಿನ ಗುಳಿಗೆ ಅರೆದು ಹಾಕಿದ್ದು ಎಷ್ಟೋ ಸಲ ಸಿಕ್ಕಿದೆ.

ಟಿಕ್‌ಟಿಕ್ ಅಕ್ಕ

ನಾನು ಬೆಳಗಾವಿ ಶಹಾಪುರದವಳು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲುಜ್ವರ ಬಂದು ಹೃದಯದ ಮೈಟ್ರಲ್ ವಾಲ್ವ್ ಹಾಳಾಗಿತ್ತು. ಹನ್ನೊಂದು ವರ್ಷದ ಹಿಂದೆ ಚಿತ್ರಾ ವಾಲ್ವ್ ಹಾಕಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ್ದು, 1990ರಿಂದ ಹಾಕುತ್ತಿದ್ದಾರೆ. ರಾತ್ರಿ ಮನೆ ಶಾಂತ ಆದಾಗ ಅದರ ಟಿಕ್ ಟಿಕ್ ನನಗೆ ಕೇಳುತ್ತದೆ, ನನ್ನ ಮಗ ಸಣ್ಣವನಿದ್ದಾಗ ಕಿವಿಯಿಟ್ಟು ಕೇಳುತ್ತಾ ಮಲಗುತ್ತಿದ್ದ. ಆ ಸದ್ದು ನಿಲ್ಲಬಾರದು ಅಂದರೆ ನನಗೆ ವಾರ್ಫರಿನ್ ಜಾತಿಯದೇ ಆದ ಅಸಿನೊಕೌಮರಾಲ್ ಜೀವನಪೂರ್ತಿ ಬೇಕು. ಡಾಬಿಗಟ್ರಾನ್ ತರಹದ ಹೊಸ ಗುಳಿಗೆ ನಮ್ಮಂಥ ಲೋಹದ ವಾಲ್ವಿನವರಿಗೆ ಆಗುವುದಿಲ್ಲ. 2012ರಲ್ಲಿ ಪ್ರಯೋಗ ಮಾಡಿ ನೋಡಿದಾಗ ವಾಲ್ವಿನ ಮೇಲೆ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಅಂತ ಅರ್ಧಕ್ಕೇ ನಿಲ್ಲಿಸಿದರು.

ನಮ್ಮದು ಐಎನ್‌ಆರ್ ಲೆಕ್ಕ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತದೆ ಅಂತ ತೋರಿಸುವ ಪರೀಕ್ಷೆ ಅದು. ಗುಳಿಗೆ ಇಲ್ಲದವರಿಗೆ 1 ಇರುತ್ತದೆ. ನಿಮ್ಮ ಅಪ್ಪನ ತರಹದವರು ವಾರ್ಫರಿನ್ ತಗೊಂಡರೆ 2ರಿಂದ 3, ನನಗೆ 2.5ರಿಂದ 3.5. ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ತಾರೀಖು, ಐಎನ್‌ಆರ್, ಎಷ್ಟು ಎಂಜಿ, ಆ ವಾರ ಬೇರೆ ಏನು ಔಷಧ ತಗೊಂಡೆ, ಎಲ್ಲ ಬರೆಯುತ್ತೇನೆ. ಅದನ್ನು ತಿರುವಿದರೆ ಒಂದು ಮಜಾ ಕಾಣುತ್ತದೆ, ಪ್ರತಿ ವರ್ಷ ಚಳಿಗಾಲದಲ್ಲಿ ಐಎನ್‌ಆರ್ ಇಳಿದಿದೆ. ಯಾಕೆ ಅಂತ ಡಾಕ್ಟರಿಗೂ ಹೊಳೆದಿರಲಿಲ್ಲ. ನಮ್ಮತ್ತೆಗೆ ಹೊಳೆಯಿತು. ಚಳಿಗಾಲ ಅಂದರೆ ನಮ್ಮಲ್ಲಿ ಹಸಿ ಮೆಂತ್ಯ, ಹಕ್ಕರಕಿ, ರಾಜಗಿರಿ, ರೊಟ್ಟಿ ಜೊತೆ ದಿನಾ ಒಂದು ಮುಷ್ಟಿ ತಪ್ಪಲು ಇರಲೇಬೇಕು. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಎದುರಾಳಿ. ಸೊಪ್ಪು ಬಿಡಬೇಕಿಲ್ಲ, ವರ್ಷವಿಡೀ ಸಮ ಇರಬೇಕು. ಒಂದು ತಿಂಗಳು ಹೊರೆ ಹೊರೆ ತಿಂದು ಇನ್ನೊಂದು ತಿಂಗಳು ಪೂರ್ತಿ ಬಿಟ್ಟರೆ ತೊಂದರೆ.

ನನಗೂ ಒಮ್ಮೆ ಅನಾಹುತ ಆಗಿದೆ. ಭೇದಿ ಆಗಿತ್ತು, ಯಾರೋ ಮೆಟ್ರೊನಿಡಜೋಲ್ ಕೊಟ್ಟರು, ನಾನೂ ಹೇಳಲಿಲ್ಲ. ಆರನೇ ದಿನ ತೊಡೆ ಮೇಲೆ ಅಂಗೈಯಗಲ ನೀಲಿ ಕಲೆ, ಎಲ್ಲೂ ಬಡಿದಿರಲಿಲ್ಲ. ಮುಟ್ಟಿನ ರಕ್ತ ನಿಲ್ಲಲೇ ಇಲ್ಲ. ಐಎನ್‌ಆರ್ 7.8. ವಿಟಮಿನ್ ಕೆ ಕೊಟ್ಟು ಎರಡು ದಿನ ಇಟ್ಟುಕೊಂಡರು. ಅವತ್ತಿನಿಂದ ಯಾವುದೇ ಆಂಟಿಬಯೋಟಿಕ್ ಕೊಟ್ಟರೂ ಮೂರು ನಾಲ್ಕು ದಿನಕ್ಕೆ ಐಎನ್‌ಆರ್ ಮಾಡಿಸುತ್ತೇನೆ. ಶಿಲೀಂಧ್ರದ ಫ್ಲೂಕೊನಜೋಲ್ ಗುಳಿಗೆಯೂ ಹೀಗೇ ಏರಿಸುತ್ತದೆ. ಹೆಣ್ಣುಮಕ್ಕಳು ಮುಟ್ಟು ಜಾಸ್ತಿ ಆದರೆ ನಾಚಿಕೊಂಡು ಸುಮ್ಮನಿರಬೇಡಿ, ಅದೂ ರಕ್ತಸ್ರಾವವೇ.

ಇಳಕಲ್ ಸೆರಗು

ಅಕ್ಕಾ, ನಮ್ಮ ಅತ್ತೆ ರಿವರೋಕ್ಸಾಬಾನ್ ಅನ್ನೋ ರಕ್ತ ತೆಳು ಮಾಡುವ ಹೊಸ ಗುಳಿಗೆ ತಗೊಳ್ಳುತ್ತಾರೆ. ಅವರೂ ಸೊಪ್ಪು ಲೆಕ್ಕ ಇಡಬೇಕಾ? ಮತ್ತೆ ಅವರು ಸೋಮವಾರ, ಏಕಾದಶಿ ಎಲ್ಲ ಉಪವಾಸ ಮಾಡುತ್ತಾರೆ.

ಚಿಕ್ಕೋಡಿ ಮೆಡಿಕಲ್ಸ್

ಸೊಪ್ಪಿನ ಲೆಕ್ಕ ಅವರಿಗೆ ಬೇಡ ತಂಗಿ, ಅದು ವಾರ್ಫರಿನ್, ಅಸಿನೊಕೌಮರಾಲ್ ಇವೆರಡಕ್ಕೆ. ಆದರೆ ರಿವರೋಕ್ಸಾಬಾನ್ 15 ಅಥವಾ 20 ಎಂಜಿ ಇದ್ದರೆ ಊಟದ ಜೊತೆಯೇ ತಗೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ಉಪವಾಸದ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಡಿ. ಡಾಬಿಗಟ್ರಾನ್ ಇದ್ದವರಿಗೂ ಒಂದು ಮಾತು. ಕ್ಯಾಪ್ಸೂಲ್ ನುಂಗಲು ಕಷ್ಟ ಅಂತ ಬಿಚ್ಚಿ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿಚ್ಚಿದರೆ ರಕ್ತಕ್ಕೆ ಸೇರುವ ಪ್ರಮಾಣ ತುಂಬಾ ಏರುತ್ತದೆ. ಅದನ್ನು ಕಂಪನಿ ಪ್ಯಾಕಿನಿಂದ ತೆಗೆದು ವಾರದ ಡಬ್ಬಿಗೆ ಹಾಕಿಡುವುದೂ ಬೇಡ, ತೇವ ತಗುಲಿದರೆ ಕೆಡುತ್ತದೆ. ನೆಟ್ಟಗೆ ಕೂತು ಒಂದು ಗ್ಲಾಸ್ ನೀರಿನ ಜೊತೆ ನುಂಗಬೇಕು.

ಗೋಕಾಕ ಫಾಲ್ಸ್

ಎಲ್ಲರೂ ಡಾಕ್ಟರು ಹೇಳಿದ್ದೇ ಸರಿ ಅನ್ನುತ್ತಿದ್ದೀರಿ. ಅಮೆರಿಕದಲ್ಲಿ ಇದೇ ಡಾಬಿಗಟ್ರಾನ್ ತಗೊಂಡು ರಕ್ತಸ್ರಾವ ಆಗಿ ಸತ್ತವರ ಮನೆಯವರು ಕೇಸ್ ಹಾಕಿದ್ದರು, ಗೊತ್ತಾ? 2014ರಲ್ಲಿ ಕಂಪನಿ ಸುಮಾರು 4,000 ಕೇಸು ಮುಗಿಸಲು 65 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪು ಒಪ್ಪಿಕೊಳ್ಳಲಿಲ್ಲ. ಮೊದಲು ಮಾರುಕಟ್ಟೆಗೆ ಬಂದಾಗ ಇದಕ್ಕೆ ಎದುರು ಮದ್ದೇ ಇರಲಿಲ್ಲ. ರಕ್ತ ಪರೀಕ್ಷೆ ಬೇಡ, ಪಥ್ಯ ಬೇಡ, ಆರಾಮ ಅಂತ ಹೇಳಿ ಮಾರಿದರು. ನಮ್ಮ ಕಾಕಾನೂ ಹೊಟ್ಟೆಯಲ್ಲಿ ರಕ್ತ ಸೋರಿ ಹೋದರು. ಅದಕ್ಕೆ ಸಿಟ್ಟು ಬರುತ್ತದೆ.

ರಾತ್ರಿ ಪಾಳಿ

ನಿಮ್ಮ ಸಿಟ್ಟು ನ್ಯಾಯವಾದದ್ದು ಅಣ್ಣಾ, ಕಾಕಾ ಅವರ ವಿಷಯ ಕೇಳಿ ಸಂಕಟ ಆಯಿತು. ನಾನು ವಿಜಯಪುರದಲ್ಲಿ ಸ್ಟಾಫ್ ನರ್ಸ್, ಹದಿನಾಲ್ಕು ವರ್ಷ ಕ್ಯಾಶುವಾಲ್ಟಿಯಲ್ಲೇ ಇದ್ದೇನೆ. ಎರಡೂ ಮಾತು ನಿಜ. 2009ರ ದೊಡ್ಡ ಪ್ರಯೋಗದಲ್ಲಿ 44 ದೇಶಗಳ 18,000ಕ್ಕೂ ಜಾಸ್ತಿ ರೋಗಿಗಳಿಗೆ ಡಾಬಿಗಟ್ರಾನ್ ಅಥವಾ ವಾರ್ಫರಿನ್ ಕೊಟ್ಟು ಹೋಲಿಸಿದರು. 150 ಎಂಜಿಯವರಿಗೆ ಹೊಟ್ಟೆ ಕರುಳಿನ ರಕ್ತಸ್ರಾವ ವಾರ್ಫರಿನ್‌ಗಿಂತ ಜಾಸ್ತಿ ಆಯಿತು, ತಲೆಯೊಳಗಿನ ರಕ್ತಸ್ರಾವ ಮಾತ್ರ ಅರ್ಧಕ್ಕಿಂತ ಕಡಿಮೆ ಆಯಿತು. ತಲೆಯೊಳಗೆ ಸೋರಿದವರನ್ನು ನಾನು ಕಣ್ಣಾರೆ ನೋಡಿದವಳು. ಎದುರು ಮದ್ದೂ ಈಗ ಇದೆ, 2015ರಲ್ಲಿ ಬಂತು, ಇಡಾರುಸಿಜುಮಾಬ್ ಅಂತ. ಐದು ಗ್ರಾಂ ನರಕ್ಕೆ ಕೊಟ್ಟರೆ ನಿಮಿಷಗಳಲ್ಲಿ ಡಾಬಿಗಟ್ರಾನ್ ಕೆಲಸ ನಿಲ್ಲುತ್ತದೆ. ದುಬಾರಿ, ಎಲ್ಲ ದವಾಖಾನೆಯಲ್ಲೂ ಇಟ್ಟಿರುವುದಿಲ್ಲ. ವಾರ್ಫರಿನ್‌ಗೆ ವಿಟಮಿನ್ ಕೆ ಇದೆ, ಅದು ಕೆಲಸ ಮಾಡಲು ಗಂಟೆಗಟ್ಟಲೆ ಬೇಕು, ಅಷ್ಟರವರೆಗೆ ಪ್ಲಾಸ್ಮಾ ಅಥವಾ ಪಿಸಿಸಿ (ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಇಂಜೆಕ್ಷನ್) ಕೊಡುತ್ತಾರೆ.

ನಾನು ಹೇಳಬೇಕಾದ್ದು ಬೇರೆ ಇದೆ. ಬೇಗ ಬನ್ನಿ. ಬಂದವರಲ್ಲಿ ಎಷ್ಟೋ ಜನ ಮೂರು ದಿನ, ನಾಲ್ಕು ದಿನ ಕಾದಿರುತ್ತಾರೆ. ಕಪ್ಪು ಸಂಡಾಸ ಅಂದರೆ ಹೇಗಿರುತ್ತದೆ ಅಂತ ಬಿಚ್ಚಿ ಹೇಳುತ್ತೇನೆ, ಊಟ ಮಾಡುತ್ತಾ ಓದುವವರು ಕ್ಷಮಿಸಿ. ಹೊಸ ಡಾಂಬರು ಇರುತ್ತದಲ್ವಾ, ಹಾಗೆ ಕಪ್ಪು, ಅಂಟು, ಎರಡು ತಂಬಿಗೆ ನೀರು ಸುರಿದರೂ ಹೋಗುವುದಿಲ್ಲ. ವಾಸನೆ ಬೇರೆಯೇ ಇರುತ್ತದೆ, ಒಮ್ಮೆ ಬಂದರೆ ವಾರ್ಡಿನ ಬಾಗಿಲಲ್ಲೇ ನಮಗೆ ಗೊತ್ತಾಗುತ್ತದೆ. ಕಬ್ಬಿಣದ ಗುಳಿಗೆ ತಗೊಂಡರೂ ಕಪ್ಪಗಾಗುತ್ತದೆ, ಆದರೆ ಅದು ಅಂಟುವುದಿಲ್ಲ, ಆ ವಾಸನೆಯೂ ಇರುವುದಿಲ್ಲ. ಅನುಮಾನ ಇದ್ದರೆ ರಕ್ತ ಅಂತಲೇ ತಿಳಿದು ಬನ್ನಿ. ಕಾಫಿ ಪುಡಿ ಬಣ್ಣದ ವಾಂತಿ, ಕೋಕಂ ಬಣ್ಣದ ಮೂತ್ರ, ಎದ್ದು ನಿಂತರೆ ಚಕ್ಕರ್, ಮೆಟ್ಟಿಲಲ್ಲಿ ಏದುಸಿರು, ಮುಖ ಬಿಳುಚೋದು, ಇವನ್ನೆಲ್ಲ ಬಿಸಿಲಿನ ತಲೆ ಮೇಲೆ ಹಾಕಬೇಡಿ. ಮೂಗಿನ ರಕ್ತವಾದರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಆಮೇಲೂ ನಿಲ್ಲದಿದ್ದರೆ ಹೊರಡಿ.

ಬರುವಾಗ ಗುಳಿಗೆ ಚೀಲ ಪೂರ್ತಿ ತನ್ನಿ. ಕೊನೇ ಗುಳಿಗೆ ಎಷ್ಟು ಗಂಟೆಗೆ ತಗೊಂಡರು ಅಂತ ಕೇಳುತ್ತೇವೆ, ಅದರ ಮೇಲೆ ಮುಂದಿನ ಎಲ್ಲಾ ಲೆಕ್ಕ ನಿಂತಿರುತ್ತದೆ. ರಕ್ತ ಹೋಗುತ್ತಿದೆ ಅಂತ ಅನುಮಾನ ಬಂದಾಗ ಮುಂದಿನ ಡೋಸ್ ಕೊಡುವ ಮೊದಲು ದವಾಖಾನೆ ಸೇರಿ. ಘಟಪ್ರಭಾ ಅಣ್ಣಾ, ನಿಮ್ಮ ಅವ್ವ ಆ ಪ್ಲಾಸ್ಟಿಕ್ ಚೀಲ ತಂದಿದ್ದರಲ್ಲಾ, ಅದು ದೊಡ್ಡ ಕೆಲಸ. ಅವರಿಗೆ ಹೇಳಿ.

ನಿಪ್ಪಾಣಿ ಹೊಗೆಸೊಪ್ಪು

ತಲೆ ವಿಷಯ ಬಂತಲ್ಲ, ನಾನೂ ಬರೆಯುತ್ತೇನೆ. ನಮ್ಮ ಆಯಿಗೆ 81. ಕಾಲಿನ ನರದಲ್ಲಿ ಹೆಪ್ಪುಗಟ್ಟಿತ್ತು, ರಕ್ತ ತೆಳು ಮಾಡುವ ಗುಳಿಗೆ ಇತ್ತು. ಗಣಪತಿ ಹಬ್ಬದಲ್ಲಿ ಹೊಸ್ತಿಲು ಎಡವಿ ಬಿದ್ದಳು. ಹಣೆ ಬಾಗಿಲಿಗೆ ತಾಗಿತು. ಗಾಯ ಇಲ್ಲ, ಸಣ್ಣ ಬುಗುಟು. ಅರಿಶಿನ ಹಚ್ಚಿದೆವು. ಅವಳೇ ಎದ್ದು ಮೋದಕ ಮಾಡಿದಳು. ಹದಿನೈದು ದಿನ ಆದ ಮೇಲೆ ಹಗಲೆಲ್ಲ ತೂಕಡಿಸಲು ಶುರು ಮಾಡಿದಳು. ಮಾತು ತಡವರಿಸಿತು. ನನ್ನ ಹೆಂಡತಿಯನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆದಳು. ವಯಸ್ಸಾಯಿತು, ಅರಳುಮರಳು ಅಂದುಕೊಂಡೆವು. ಒಂದು ದಿನ ಎಬ್ಬಿಸಿದರೆ ಏಳಲಿಲ್ಲ. ಮಿರಜಿಗೆ ಒಯ್ದೆವು. ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ತುಂಬಿತ್ತು. ವಯಸ್ಸಾದಂತೆ ಮೆದುಳು ಕುಗ್ಗಿ ಅಲ್ಲಿನ ರಕ್ತನಾಳಗಳು ಎಳೆದುಕೊಂಡಿರುತ್ತವೆ, ಸಣ್ಣ ಪೆಟ್ಟಿಗೂ ಹರಿದು ಹನಿಹನಿಯಾಗಿ ಸೋರುತ್ತದೆ, ಗುಳಿಗೆ ಇದ್ದಾಗ ನಿಲ್ಲುವುದಿಲ್ಲ ಅಂತ ಹೇಳಿದರು. ರಂಧ್ರ ಮಾಡಿ ತೆಗೆದರು. ಆಯಿ ಉಳಿಯಲಿಲ್ಲ.

ಬಿದ್ದ ದಿನವೇ ಒಂದು ಸಿಟಿ ಸ್ಕ್ಯಾನ್ ಮಾಡಿಸಿ, ಆಮೇಲೂ ಕಣ್ಣಿಟ್ಟಿದ್ದರೆ ಅಂತ ಈಗಲೂ ಅನಿಸುತ್ತದೆ. ನಿಮ್ಮ ಮನೆಯಲ್ಲಿ ಇಂಥವರು ತಲೆಗೆ ಪೆಟ್ಟು ಬಿದ್ದರೆ, ಎಷ್ಟೇ ಸಣ್ಣದಿರಲಿ, ಅವತ್ತೇ ತೋರಿಸಿ.

ರಾತ್ರಿ ಪಾಳಿ

ಅಣ್ಣಾ, ಅರಳುಮರಳು ಅಂತ ಅಂದುಕೊಳ್ಳುವವರು ನೀವೊಬ್ಬರೇ ಅಲ್ಲ. ತಪ್ಪಿತಸ್ಥ ಅಂದುಕೊಳ್ಳಬೇಡಿ.

ಜಮಖಂಡಿ ಮಾಸ್ತರ

ನಿವೃತ್ತ ವಿಜ್ಞಾನ ಮಾಸ್ತರ ನಾನು, ವಾರ್ಫರಿನ್ ತಗೊಳ್ಳುತ್ತಾ ಒಂಬತ್ತು ವರ್ಷ. ದನ ಸಾಕಿದವರು ಇಲ್ಲಿ ಬಹಳ ಇದ್ದೀರಿ, ನಿಮಗೆ ಈ ಕಥೆ ಹಿಡಿಸುತ್ತದೆ. ಈ ಔಷಧ ಸಿಕ್ಕಿದ್ದೇ ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಅಮೆರಿಕ ಕೆನಡಾದಲ್ಲಿ ಕೊಂಬು ಕತ್ತರಿಸಿದ ದನ, ಬೀಜ ಒಡೆದ ಹೋರಿ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದದ್ದೇ ಕಾರಣ. 1933ರಲ್ಲಿ ಒಬ್ಬ ರೈತ ಹಿಮ ಸುರಿಯುವಾಗ ಸತ್ತ ಕಡಸು, ಆ ಮೇವು, ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಹುಡುಗರು ವರ್ಷಗಟ್ಟಲೆ ದುಡಿದು ಆ ಮೇವಿನೊಳಗಿನ ವಸ್ತು ಹುಡುಕಿದರು. ಅದರಿಂದ ಬೆಳೆದದ್ದು ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಒಪ್ಪಿಗೆ ಸಿಕ್ಕಿತು, ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಅವರಿಗೂ ಕೊಟ್ಟರು.

ಇಲಿ ಪಾಷಾಣ ಅಂತ ಕೇಳಿ ಹೆದರಬೇಡಿ. ಅಳತೆಯಲ್ಲಿ ಇದ್ದರೆ ಅದೇ ಕಾಯುತ್ತದೆ. ಮೊಮ್ಮಗಳು ನನ್ನ ಪಾಕೀಟಿನಲ್ಲಿ ಒಂದು ಚೀಟಿ ಇಟ್ಟಿದ್ದಾಳೆ, ಗುಳಿಗೆ ಹೆಸರು, ಎಷ್ಟು, ಯಾಕೆ, ಯಾರಿಗೆ ಫೋನ್ ಮಾಡಬೇಕು ಅಂತ. ಹಲ್ಲು ಕೀಳಿಸಲು ಹೋದಾಗ ಮೊದಲು ಆ ಚೀಟಿ ಕೊಟ್ಟೆ. ಅವರು ಐಎನ್‌ಆರ್ ನೋಡಿ, ಗುಳಿಗೆ ನಿಲ್ಲಿಸದೆಯೇ ಕಿತ್ತು ಹೊಲಿಗೆ ಹಾಕಿದರು.

ಘಟಪ್ರಭಾ ದಂಡೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲಾ ಉತ್ತರ ಅವ್ವನಿಗೆ ಓದಿ ಹೇಳಿದೆ. ಎಳ್ಳ ಅಮಾವಾಸ್ಯೆಯ ಕಡುಬು ಕೈಯಿಂದ ಬಿತ್ತು ಅನ್ನುವಲ್ಲಿ ಎದ್ದು ಒಳಗೆ ಹೋದಳು. ಸಂಜೆ ತಾನೇ ಬಂದು "ಆ ಹೊಸಾ ಗುಳಿಗಿ ತಗೊಂಡು ಬಾ, ಆದ್ರ ನನ್ನ ಕೈಯಾಗ ಕೊಡು" ಅಂದಳು.

ನಿನ್ನೆಯಿಂದ ಅಪಿಕ್ಸಾಬಾನ್ ಶುರುವಾಗಿದೆ. ಇದು ಕಿಡ್ನಿಯಿಂದ ಹೊರಗೆ ಹೋಗೋದು ನಾಲ್ಕರಲ್ಲಿ ಒಂದು ಪಾಲಿನಷ್ಟೇ, ಅದಕ್ಕೇ ಬದಲಾಯಿಸಿದೆ ಅಂದರು ಡಾಕ್ಟರು. ಜೊತೆಗೆ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಇದೆ, ಹುಣ್ಣು ಮಾಡುವ ಪೈಲೋರಿ ಬ್ಯಾಕ್ಟೀರಿಯಾಕ್ಕೂ ಪರೀಕ್ಷೆ ಮಾಡಿಸಿದ್ದೇವೆ. ಮೊಣಕಾಲಿಗೆ ಬಿಸಿನೀರಿನ ಶಾಖ, ಪ್ಯಾರಾಸಿಟಮಾಲ್ ಒಂದೇ.

ಅವ್ವ ಓದಿದವಳಲ್ಲ. ಹಾಗಾಗಿ ಅವಳೇ ಒಂದು ಉಪಾಯ ಮಾಡಿದ್ದಾಳೆ. ಹಾರ್ಟಿನ ಗುಳಿಗೆ ಅನ್ನೋ ಮಾತು ಮನೆಯಲ್ಲಿ ನಿಂತಿದೆ, ಈಗ ಅದರ ಹೆಸರು "ರಗತದ ಗುಳಿಗಿ". ಆ ಸ್ಟ್ರಿಪ್ ಮೇಲೆ ಕುಂಕುಮ ಕಲಸಿ ಒಂದು ಬೊಟ್ಟು ಇಟ್ಟಿದ್ದಾಳೆ, ಬೇರೆ ಯಾವುದಕ್ಕೂ ಇಲ್ಲ. ಇವತ್ತು ಅಪ್ಪ ಕ್ಷೌರಕ್ಕೆ ಹೋಗಿ ಕೂತವರು ಬ್ಲೇಡ್ ಎತ್ತುವ ಮೊದಲೇ "ತಮ್ಮಾ, ನನಗ ರಗತದ ಗುಳಿಗಿ ಐತಿ, ಸಾವಕಾಶ ಮಾಡು" ಅಂದರಂತೆ. ಸಂತೆಯ ಆ ಡಾಕ್ಟರ ಹತ್ತಿರವೂ ನಾನೇ ಹೋಗಿ ಎಲ್ಲ ಹೇಳಿ ಬಂದೆ. ಜಗಳ ಮಾಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ಗೋಡೆ ಮೇಲೆ ಅಂಟಿಸಲು ಕನ್ನಡದಲ್ಲಿ ರಕ್ತ ತೆಳು ಮಾಡುವ ಗುಳಿಗೆಗಳ ಹೆಸರು ಬರೆದುಕೊಡಿ ಅಂದರು. ಚಿಕ್ಕೋಡಿ ಅಣ್ಣಾ, ಅಂಗಡಿಯಲ್ಲಿ ಈಗ ನಡೆಯುತ್ತಿರುವ ಬ್ರ್ಯಾಂಡ್ ಹೆಸರು ನನಗೆ ಪೂರ್ತಿ ಗೊತ್ತಿಲ್ಲ, ನೀವು ಬರೆದು ಕಳಿಸಿದರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಡುತ್ತೇನೆ.

ಚಿಕ್ಕೋಡಿ ಮೆಡಿಕಲ್ಸ್

ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬರೆದು ಕಳಿಸುತ್ತೇನೆ. ನೋವಿನ ಗುಳಿಗೆಗಳದ್ದು ಇನ್ನೊಂದು ಹಾಳೆ ಬೇರೆ ಮಾಡೋಣ, ಎರಡೂ ಪಕ್ಕಪಕ್ಕ ಅಂಟಿಸಲಿ.